ಹಳೆಯ ಪಿಕಪ್: ಕ್ಲಚ್ ಒತ್ತಿದರೂ ರಿವರ್ಸ್ ಗೇರ್ ಬೀಳುತ್ತಿಲ್ಲ

ತಿಕೋಟಾದ ದ್ರಾಕ್ಷಿ ಬೆಳೆಗಾರ:
ನನ್ನ ಪಿಕಪ್ 2006ರದು, ಹೈಡ್ರಾಲಿಕ್ ಕ್ಲಚ್ (ಆಯಿಲ್ ಒತ್ತಡದಿಂದ ನಡೆಯುವುದು). ಮೊನ್ನೆ ಒಣದ್ರಾಕ್ಷಿ ಹೇರಿಕೊಂಡು ವಿಜಯಪುರಕ್ಕೆ ಹೊರಟಾಗ, ಪೆಡಲ್ ಪೂರ್ತಿ ಒತ್ತಿದರೂ ರಿವರ್ಸ್ ಗೇರ್ ಕರಕರ ಎಂದಿತು. ಎರಡು ಮೂರು ಸಲ ಪಂಪ್ ಮಾಡಿದರೆ ಬೀಳುತ್ತದೆ. ಗ್ಯಾರೇಜಿನವರು ಕ್ಲಚ್ ಪ್ಲೇಟ್ ಬದಲಿಸಬೇಕು ಎನ್ನುತ್ತಾರೆ. ಸುಗ್ಗಿಯಲ್ಲಿ ಗಾಡಿ ನಿಂತರೆ ನನಗೆ ಕೈಕಾಲೇ ಆಡುವುದಿಲ್ಲ. ನಿಜಕ್ಕೂ ಪ್ಲೇಟ್ ಹೋಗಿದೆಯೇ?

ಜಮಖಂಡಿಯ ಮೆಕ್ಯಾನಿಕ್:
ಅಣ್ಣಾ, ಗೇರ್‌ಬಾಕ್ಸ್ ಇಳಿಸಲು ಈಗಲೇ ಒಪ್ಪಬೇಡಿ. ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ: ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ನಿಮ್ಮ ಕ್ಲಚ್ ಎಂಜಿನ್ನಿನಿಂದ ಗೇರನ್ನು ಬಿಡಿಸುತ್ತಿಲ್ಲ, ಅದು ಬೇರೆಯೇ ರೋಗ. ಪಂಪ್ ಮಾಡಿದರೆ ಸರಿಹೋಗುತ್ತದೆ ಎಂದರೆ ಸಾಮಾನ್ಯವಾಗಿ ಪೈಪಿನಲ್ಲಿ ಗಾಳಿ ಸೇರಿರುತ್ತದೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಒತ್ತಡ ಹಿಡಿಯುತ್ತಿರುವುದಿಲ್ಲ. ಕ್ಲಚ್ ಆಯಿಲ್ ಡಬ್ಬಿಯಲ್ಲಿ ಮಟ್ಟ ನೋಡಿ. ಗೇರ್‌ಬಾಕ್ಸ್ ಪಕ್ಕದಲ್ಲಿ, ಆ ಆಯಿಲ್ ಒತ್ತಡದಿಂದ ರಾಡ್ ತಳ್ಳಿ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಮುಸುಕು ಸರಿಸಿ. ಒಳಗೆ ಒದ್ದೆಯಿದ್ದರೆ ಅದರ ಸೀಲ್ ಸೋರುತ್ತಿದೆ. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಅದರ ರಾಡ್ ಎಷ್ಟು ಮುಂದೆ ಬರುತ್ತದೆ ಎಂದು ನೋಡಲಿ. ರಾಡ್ ಪೂರ್ತಿ ಬಂದೂ ಗೇರ್ ಕರಕರ ಎಂದರೆ ಮಾತ್ರ ಕ್ಲಚ್ಚಿನ ಒಳಭಾಗಗಳಾದ ಫೋರ್ಕ್, ಪ್ರೆಶರ್ ಪ್ಲೇಟ್ ಕಡೆ ಹೋಗಬೇಕು.

ಗೋಕಾಕದ ಚಾಲಕ:
ರಬ್ಬರ್ ಪೈಪನ್ನೂ ಹಿಡಿದು ನೋಡಿ, ಹಳೆಯದಾದರೆ ಒತ್ತಿದಾಗ ಉಬ್ಬುತ್ತದೆ. ಡಬ್ಬಿಗೆ ಎಂಜಿನ್ ಆಯಿಲ್ ಮಾತ್ರ ಹಾಕಬೇಡಿ, ಸೀಲ್‌ಗಳು ಊದಿಕೊಂಡು ಹಾಳಾಗುತ್ತವೆ. ಮುಚ್ಚಳದ ಮೇಲೆ ಬರೆದಿರುವ ಬ್ರೇಕ್ ಆಯಿಲನ್ನೇ, ಹೊಸ ಡಬ್ಬಿ ಒಡೆದು ಹಾಕಿ.

ತಿಕೋಟಾದ ದ್ರಾಕ್ಷಿ ಬೆಳೆಗಾರ:
ಮುಸುಕಿನೊಳಗೆ ಕಪ್ಪು ಆಯಿಲ್ ತುಂಬಿತ್ತು! ಸ್ಲೇವ್ ಸಿಲಿಂಡರ್ ಹೊಸದು ಹಾಕಿ, ತಮ್ಮನನ್ನು ಪೆಡಲ್ ಮೇಲೆ ಕೂರಿಸಿ, ಅದರ ಗಾಳಿ ಬಿಡುವ ನಿಪ್ಪಲ್‌ನಿಂದ ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆದೆ. ಈಗ ರಿವರ್ಸ್ ಗೇರ್ ಸದ್ದಿಲ್ಲದೆ ಬೀಳುತ್ತದೆ. ಅಣ್ಣಾ, ನಿಮ್ಮ ಉಪಕಾರ ಮರೆಯುವುದಿಲ್ಲ.