ಎಂಜಿನ್ ಹೊಳೀತಿದೆ, ದೂರ ನಿಲ್ಲಿ

"ಮುಟ್ಬೇಡ್ವೋ!" ವಾಸು ಕಿರುಚಿದ. ಮಾದೇಶ ಹಳೇ ಯೆಜ್ಡಿ ಬೈಕಿನ ಸೀಟಿನ ಮೇಲೆ ಕೈ ಇಡೋಕೆ ಹೋಗಿದ್ದ, ಅಷ್ಟೆ.

"ಸೀಟು ಕಣೋ."

"ಕೈ ಜಾರಿ ಎಂಜಿನ್‌ಗೆ ತಾಗಿದ್ರೆ? ಬೆವರಲ್ಲಿ ಉಪ್ಪಿರತ್ತೆ. ಅಲ್ಯೂಮಿನಿಯಂಗೆ ಉಪ್ಪು ಆಗಲ್ಲ."

"ಬಿಪಿ ಇದೆಯಾ ಅದಕ್ಕೆ?" ಅಂದ್ರು ರಾಯರು, ಕಾಫಿ ಲೋಟದಿಂದ ಮುಖ ಎತ್ತದೆ.

ವಾಸು ಶುರುಮಾಡಿದ. ಎಂಜಿನ್ ಕವರ್‌ಗಳನ್ನ ಬಿಚ್ಚಿದ್ದು, ಹಳದಿ ತಿರುಗಿದ್ದ ಲ್ಯಾಕರ್ ಕೆರೆದಿದ್ದು, 400ರ ಒರಟು ಎಮರಿ ಪೇಪರಿಂದ 2000ದ ನಯವಾದ್ದರವರೆಗೆ ನೀರು ಹಾಕ್ಕೊಂಡು ಉಜ್ಜಿದ್ದು, ಆಮೇಲೆ ತಿರುಗೋ ಚಕ್ರಕ್ಕೆ ಹಿಡಿದು ಹೊಳಪು ಕೊಡೋ ಬಫಿಂಗ್. ಭಟ್ಟನಿಗೆ ತಡೆಯಲಿಲ್ಲ. "ಅಷ್ಟೆಲ್ಲ ಯಾಕೆ? ನಮ್ಮ ಭಾವಮೈದ ಕಾಸ್ಟಿಕ್ ಸೋಡಾ ನೀರಲ್ಲಿ ಅದ್ದಿಟ್ಟ."

"ಏನಾಯ್ತು?"

"ಬುಸುಬುಸು ಅಂತ ನೊರೆ ಬಂತು. ಕೊಳೆ ಹೋಯ್ತು. ಜೊತೆಗೆ ಕವರೂ ಸ್ವಲ್ಪ ಹೋಯ್ತು. ಉಳಿದಿದ್ದು ಕರ್ರಗಾಯ್ತು."

"ಸರಿ, ಸ್ಟಾರ್ಟ್ ಮಾಡಪ್ಪ, ಸದ್ದು ಕೇಳೋಣ" ಅಂದ್ರು ರಾಯರು.

"ಸ್ಟಾರ್ಟಾ? ಟೂ ಸ್ಟ್ರೋಕ್ ರಾಯರೇ, ಆಯಿಲ್ ಹೊಗೆ. ಮೇಲಾಗಿ ಬಿಸಿ."

"ಬಫಿಂಗ್ ಅಂಗಡಿಯಿಂದ ಮನೆಗೆ ಹೇಗೆ ತಂದೆ?"

"ಟಾಟಾ ಏಸ್‌ನಲ್ಲಿ."

"ಮೋಟರ್‌ಸೈಕಲ್ಲಿಗೆ ಬಾಡಿಗೆ ಗಾಡಿ! ಅಯ್ಯಾ, ನೀನು ಉಜ್ಜಿ ಮುಗಿಸೋಕೆ ಮುಂಚೇನೇ ಗಾಳಿ ತಾಗಿ ಅದರ ಮೇಲೆ ಪೊರೆ ಕಟ್ಟಿರತ್ತೆ, ಅಲ್ಯೂಮಿನಿಯಂ ಹಣೆಬರಹವೇ ಅಷ್ಟು. 1961ರಲ್ಲಿ ಮೈಸೂರಿನ ಯಾದವಗಿರೀಲಿ ಇದರ ಫ್ಯಾಕ್ಟರಿ ಶುರುವಾದಾಗಿಂದ 1996ರಲ್ಲಿ ಬಾಗಿಲು ಹಾಕೋವರೆಗೂ ಒಂದು ಗಾಡೀನಾದ್ರೂ ಷೋಕೇಸಲ್ಲಿಡೋಕೆ ಅಂತ ಮಾಡಿದ್ರೇನು? ಈಗ ನೋಡು, ಹುಡುಗರೆಲ್ಲ ಎಂಜಿನ್ನಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ತಾರೆ, ರೀಲ್ಸ್ ಮಾಡ್ತಾರೆ, ಮೇಲೆ ಬೆಡ್‌ಶೀಟ್ ಹೊದಿಸಿ ಮಲಗಿಸ್ತಾರೆ. ಊರು ಸುತ್ತೋಕೆ ಸ್ಕೂಟಿ!"

ವಾಸು ಮನೆ ಮುಂದೆ ಸ್ಕೂಟಿ ನಿಂತಿತ್ತು. ಯಾರೂ ಆ ಕಡೆ ನೋಡಲಿಲ್ಲ.

ಮಾದೇಶ ಬಗ್ಗಿ, ಕೈ ಬೆನ್ನಹಿಂದೆ ಕಟ್ಟಿಕೊಂಡೇ, ಎಡಗಡೆ ಕವರನ್ನ ನೋಡ್ತಿದ್ದ. ಹಳೇ ಯೆಜ್ಡಿಯಲ್ಲಿ ಗೇರೂ ಕಿಕ್ಕೂ ಒಂದೇ ಲಿವರ್ ಅಲ್ವೇ, ಕಾಲಿಗೆ ಇರೋ ಕೆಲಸವೆಲ್ಲ ಆ ಕಡೆಗೇ. "ಇಲ್ಲೊಂದು ಸವೆದ ಗುರುತಿತ್ತಲ್ಲೋ. ನಿಮ್ಮಪ್ಪನ ಚಪ್ಪಲಿ ಉಜ್ಜಿ ಉಜ್ಜಿ ಆಗಿದ್ದು?"

"ಬಫಿಂಗ್‌ನವನೂ ಕೇಳಿದ, ಇದನ್ನೂ ತೆಗೀಲಾ ಅಂತ."

"ನೀನೇನಂದೆ?"

ವಾಸು ಜೇಬಿಂದ ಬಟ್ಟೆ ತೆಗೆದು, ಏನೂ ಆಗಿರದ ಜಾಗವನ್ನ ಒರೆಸಿದ.

ರಾಯರು ಲೋಟ ಕೆಳಗಿಟ್ಟರು. "ಹೋಗ್ಲಿ ಬಿಡು. ನಿಮ್ಮಪ್ಪ ಅದನ್ನ ಮೂಡಿಸಿದ್ದು ದಿನಾ ಆಫೀಸಿಗೆ ಹೋಗಿ, ಸಂಜೆ ನಿನ್ನನ್ನ ಟ್ಯಾಂಕ್ ಮೇಲೆ ಕೂರಿಸ್ಕೊಂಡು ಬಂದು. ನೀನೂ ನಾಳೆಯಿಂದ ಚಪ್ಪಲಿ ಮೆಟ್ಕೊಂಡು ಓಡಿಸು, ನಿನ್ನದೊಂದು ಬೀಳತ್ತೆ. ನಾಳೆ ಯಾಕೆ, ಈಗಲೇ ಒಂದು ರೌಂಡ್ ಹೋಗ್ಬಾ."

ವಾಸು ಸ್ವಲ್ಪ ಹೊತ್ತು ಸುಮ್ಮನಿದ್ದ. ಒಪ್ಪಿದ ಹಾಗೇ ಕಂಡ.

"ಪೆಟ್ರೋಲ್ ಇಲ್ಲ" ಅಂದ. "ಟ್ಯಾಂಕ್ ಒಳಗೂ ತೊಳ್ಸಿದೀನಿ."