ಚಾಟ್ಸ್‌ವರ್ತ್‌ಗೆ ಅಪ್ಪ ಅಮ್ಮನ ಜೊತೆ: ಹೋಗಿ ಬಂದವರು ಹೇಳ್ತೀರಾ?

ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾರೆ. ನಾವಿರುವುದು ಶೆಫೀಲ್ಡ್‌ನಲ್ಲಿ, ಕಾರಿಲ್ಲ. ಡರ್ಬಿಶೈರ್‌ನ ಚಾಟ್ಸ್‌ವರ್ತ್ ಎಸ್ಟೇಟ್ (ಡೆವನ್‌ಶೈರ್ ಡ್ಯೂಕ್‌ಗಳ ಹಳೇ ಬಂಗಲೆ, ತೋಟ, ಪಾರ್ಕ್) ತೋರಿಸಬೇಕು ಅಂತ ಆಸೆ. ಅಪ್ಪನಿಗೆ ಮಂಡಿ ನೋವು. ಒಂದು ದಿನದಲ್ಲಿ ಏನು ನೋಡಿದರೆ ಚೆನ್ನ? ಟಿಕೆಟ್ ತಗೊಳ್ಳಲೇಬೇಕಾ?

ಉತ್ತರ 1
ಟಿಕೆಟ್ ಇರುವುದು ಬಂಗಲೆಗೆ ಮತ್ತು ತೋಟಕ್ಕೆ. ಡರ್ವೆಂಟ್ ಹೊಳೆ ಪಕ್ಕದ ಪಾರ್ಕಿನಲ್ಲಿ ಸುಮ್ನೆ ಓಡಾಡಬಹುದು. ನನ್ನ ಕೇಳಿದರೆ ಬಂಗಲೆ ಬಿಟ್ಟರೂ ತೋಟ ಬಿಡಬೇಡಿ. ಅಲ್ಲಿ ಗೋಡೆಗೆ ಒರಗಿಸಿ ಕಟ್ಟಿದ ಉದ್ದನೆಯ ಗಾಜಿನ ಮನೆ ಇದೆ. ಅದನ್ನು ಕಟ್ಟಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಈ ತೋಟದ ಮುಖ್ಯಸ್ಥನಾಗಿದ್ದವನು, ಆಮೇಲೆ 1851ರ ಲಂಡನ್ ಕ್ರಿಸ್ಟಲ್ ಪ್ಯಾಲೇಸಿನ ವಿನ್ಯಾಸ ಮಾಡಿದವನೂ ಅವನೇ, ನಮ್ಮ ಲಾಲ್‌ಬಾಗ್ ಗಾಜಿನ ಮನೆಗೆ ಮಾದರಿ ಆಗಿದ್ದು ಅದೇ ಅಲ್ವಾ! ಇದನ್ನು ಹೇಳಿದ ಮೇಲೆ ನಮ್ಮ ಮಾವ ಅಲ್ಲಿಂದ ಕದಲಲೇ ಇಲ್ಲ. ಇನ್ನೊಂದು ವಿಷಯ. ಕ್ಯಾವೆಂಡಿಶ್ ಬಾಳೆ ಅಂತಾರಲ್ಲ, ನಮ್ಮ ಪಚ್ಚಬಾಳೆಯ ಜಾತಿ, ಆ ಹೆಸರು ಈ ಡ್ಯೂಕ್‌ಗಳ ಮನೆತನದ್ದು. 1830ರ ದಶಕದಲ್ಲಿ ಪ್ಯಾಕ್ಸ್‌ಟನ್ ಇಲ್ಲೇ ಅದನ್ನು ಬೆಳೆಸಿದ. ಅಮ್ಮನಿಗೆ ಖಂಡಿತ ಹೇಳಿ.

ಉತ್ತರ 2
ಎಡೆನ್ಸರ್ ಊರನ್ನು ತಪ್ಪಿಸಬೇಡಿ. ಅಲ್ಲಿಯವರು 'ಎನ್ಸರ್' ಅಂತಾರೆ. ಬಂಗಲೆಯಿಂದ ಸುಮಾರು ಇಪ್ಪತ್ತು ನಿಮಿಷದ ನಡಿಗೆ, ಸ್ವಲ್ಪ ಏರು ಇದೆ, ಅಪ್ಪನಿಗೆ ಕೋಲು ಇರಲಿ. ಹಳೇ ಊರು ಬಂಗಲೆಯ ಕಣ್ಣಿಗೆ ಬೀಳುತ್ತದೆ ಅಂತ ಡ್ಯೂಕ್‌ಗಳು ಅದನ್ನು ಕೆಡವಿಸಿದರು. ಆರನೇ ಡ್ಯೂಕ್ ಮರೆಯಲ್ಲಿ ಹೊಸದಾಗಿ ಕಟ್ಟಿಸಿದ, ಒಂದು ಮನೆಯಂತೆ ಇನ್ನೊಂದಿಲ್ಲ. ಹಳೇ ಊರಿನ ಒಂದೇ ಒಂದು ಮನೆ ರಸ್ತೆಯ ಆಚೆ ಉಳಿದಿದೆ, ಸುತ್ತ ಗೋಡೆ, ಅದರಾಚೆ ಬರೀ ಹುಲ್ಲು, ಕುರಿ. ನಮ್ಮ ಅಜ್ಜಿಯ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋಯಿತು. ಆ ಒಂಟಿ ಮನೆ ಮುಂದೆ ನನಗೆ ಮಾತೇ ಹೊರಡಲಿಲ್ಲ. ಹೊಸ ಮನೆಗಳ ಚಂದ ನೋಡಿ ಎಲ್ಲರೂ ಫೋಟೊ ತೆಗೆಯುತ್ತಾರೆ, ನೀವು ಇದನ್ನೂ ನಿಂತು ನೋಡಿ. ಚರ್ಚಿನ ಅಂಗಳದಲ್ಲಿ ಪ್ಯಾಕ್ಸ್‌ಟನ್ ಸಮಾಧಿ ಇದೆ, ಅಮೆರಿಕದ ಅಧ್ಯಕ್ಷ ಕೆನಡಿಯ ತಂಗಿ ಕ್ಯಾಥ್ಲೀನ್‌ದೂ ಇದೆ. 1963ರಲ್ಲಿ ಕೆನಡಿ ಇಲ್ಲಿಗೆ ಬಂದಿದ್ದರು.

ಉತ್ತರ 3
ಬಸ್ಸಿನ ವೇಳೆ ಹಿಂದಿನ ದಿನವೇ ನೋಡಿಕೊಳ್ಳಿ, ವಾಪಸ್ ಬರುವ ಕೊನೆ ಬಸ್ಸಿನದು ಮುಖ್ಯ. ನಾವು ಅದನ್ನು ತಪ್ಪಿಸಿಕೊಂಡು ವಯಸ್ಸಾದ ಚಿಕ್ಕಮ್ಮನನ್ನು ಚಳಿಯಲ್ಲಿ ನಿಲ್ಲಿಸಿದ್ದೆವು, ಇವತ್ತಿಗೂ ಬೇಜಾರಿದೆ. ಬ್ಯಾಸ್ಲೋ ಊರಿನಲ್ಲಿ ಇಳಿದರೆ ಚರ್ಚಿನ ಗಡಿಯಾರ ನೋಡಿ, ಒಂದು ಮುಖದಲ್ಲಿ ಅಂಕಿಗಳ ಜಾಗದಲ್ಲಿ 'ವಿಕ್ಟೋರಿಯಾ 1897' ಅಂತ ಅಕ್ಷರಗಳಿವೆ. ಸೋಮವಾರವಾದರೆ ಹತ್ತಿರದ ಬೇಕ್‌ವೆಲ್ ಪೇಟೆಯಲ್ಲಿ ಸಂತೆ. ಮತ್ತೆ, ಪಾರ್ಕಿನ ಹುಲ್ಲಿನ ತುಂಬ ಕುರಿ ಹಿಕ್ಕೆ, ಮಳೆ ಬಂದರೆ ಜಾರುತ್ತದೆ. ಅಪ್ಪನಿಗೆ ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ.