ಪೈಥಾನ್ ಹುಡುಕಿ ಚಾಲೂ ಮಾಡುವ ಶೆಲ್ ಸ್ಕ್ರಿಪ್ಟ್: ಸರಿಯಾದ ಆವೃತ್ತಿಯನ್ನು ಆರಿಸುವುದು ಹೇಗೆ?

ಪ್ರಶ್ನೆ (ತಿಪಟೂರಿನಿಂದ)

ಮಾನ್ಯರೇ, ನಮ್ಮೂರಿನ ಕೆಲವು ಕೊಬ್ಬರಿ ಮಂಡಿಗಳಿಗೆ ದಿನದ ಆವಕ, ತೂಕ ಮತ್ತು ದರವನ್ನು ಕೂಡಿಸಿ ರೈತರ ಹೆಸರಿಗೆ ಚೀಟಿ ತೆಗೆಯುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಅದು ನಡೆಯಲು ಪೈಥಾನಿನ ಕನಿಷ್ಠ 3.8 ಆವೃತ್ತಿ ಬೇಕು. ಅದನ್ನು ಚಾಲೂ ಮಾಡಲು ಒಂದು ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದ ಕಡತ) ಇದ್ದು, ‘ವಿಚ್ ಪೈಥಾನ್’ ಎಂದು, ಅಂದರೆ ಪೈಥಾನ್ ಎಲ್ಲಿದೆ ಎಂದು, ಕೇಳಿ ಸಿಕ್ಕಿದ್ದನ್ನು ಓಡಿಸುತ್ತದೆ.

ತೊಂದರೆ ಏನೆಂದರೆ, ಉಬುಂಟು (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) 22.04 ಇರುವ ಕಡೆ ‘ಪೈಥಾನ್’ ಎಂಬ ಹೆಸರೇ ಇಲ್ಲ, ‘ಪೈಥಾನ್3’ ಮಾತ್ರ ಇದೆ. ಹಳೆಯ 18.04 ಯಂತ್ರವೊಂದರಲ್ಲಿ ‘ಪೈಥಾನ್’ ಎಂದರೆ 2.7 ಏಳುತ್ತದೆ, ‘ಪೈಥಾನ್3’ ಎಂದರೆ 3.6 ಏಳುತ್ತದೆ, ನಮಗೆ ಬೇಕಾದ 3.9 ಅನ್ನು ಯಾರೋ ಪ್ರತ್ಯೇಕವಾಗಿ ‘ಯುಎಸ್ಆರ್/ಲೋಕಲ್/ಬಿನ್’ ಒಳಗೆ ಹಾಕಿದ್ದಾರೆ. ಕೈಯಿಂದ ಓಡಿಸಿದಾಗ ಹೇಗೋ ನಡೆಯುವ ಸ್ಕ್ರಿಪ್ಟ್, ರಾತ್ರಿ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸಗಳನ್ನು ತಾನೇ ಓಡಿಸುವ ವ್ಯವಸ್ಥೆ) ಮೂಲಕ ಓಡಿದಾಗ ನಿಂತುಬಿಡುತ್ತದೆ. ಎಲ್ಲ ಕಡೆಯೂ ಸಲ್ಲುವ ಒಂದೇ ಸ್ಕ್ರಿಪ್ಟ್ ಬರೆಯುವ ಕ್ರಮವನ್ನು ದಯವಿಟ್ಟು ತಿಳಿಸಿ.

ಉತ್ತರ 1 (ಕೋಲಾರದಿಂದ)

ಸರ್, ಹೆಸರನ್ನು ನೋಡಿ ಆವೃತ್ತಿಯನ್ನು ಊಹಿಸಬೇಡಿ; ಸಿಕ್ಕ ಇಂಟರ್‌ಪ್ರಿಟರನ್ನೇ (ಪೈಥಾನ್ ಕೋಡ್ ಓಡಿಸುವ ಪ್ರೋಗ್ರಾಂ) ಕೇಳಿ. ಮೊದಲು ಬಳಕೆದಾರರು ಎನ್ವಿರಾನ್‌ಮೆಂಟ್ ವೇರಿಯಬಲ್ (ಶೆಲ್ ಪ್ರೋಗ್ರಾಂಗಳಿಗೆ ದಾಟಿಸುವ ಹೆಸರಿಟ್ಟ ಮೌಲ್ಯ) ಮೂಲಕ ಪೂರ್ಣ ಪಾಥ್ (ಕಡತ ಇರುವ ಜಾಗದ ವಿಳಾಸ) ಕೊಟ್ಟಿದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ‘ಪೈಥಾನ್3.12’ರಿಂದ ‘ಪೈಥಾನ್3.8’ರವರೆಗೆ ಇಳಿಯುತ್ತಾ ಬಂದು, ಕೊನೆಗೆ ‘ಪೈಥಾನ್3’, ‘ಪೈಥಾನ್’ ಎಂಬ ಹೆಸರುಗಳನ್ನು ಒಂದು ‘ಫಾರ್’ ಲೂಪಿನಲ್ಲಿ ಪರೀಕ್ಷಿಸಿ. ಹುಡುಕಲು ‘ವಿಚ್’ ಬದಲು ‘ಕಮಾಂಡ್ -ವಿ’ ಬಳಸಿ. ಅದು ಪಾಸಿಕ್ಸ್ (ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಸಾಮಾನ್ಯ ಮಾನದಂಡ) ನಿಯಮದಲ್ಲಿಯೇ ಇದೆ, ಆದ್ದರಿಂದ ಆ ನಿಯಮ ಪಾಲಿಸುವ ಯಾವ ಶೆಲ್ ಆದರೂ ಅದನ್ನು ಬಲ್ಲದು.

ಹೆಸರು ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪೈಎನ್ವ್ (ಹಲವು ಪೈಥಾನ್ ಆವೃತ್ತಿಗಳನ್ನು ನಿಭಾಯಿಸುವ ಸಾಧನ) ಬಳಸುವ ಯಂತ್ರಗಳಲ್ಲಿ ಹೆಸರು ಕಾಣುತ್ತದೆ, ಓಡಿಸಿದರೆ ‘ಕಮಾಂಡ್ ಸಿಗಲಿಲ್ಲ’ ಎಂಬ ಅರ್ಥದ 127 ಎಂಬ ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿದಾಗ ಹಿಂದಿರುಗಿಸುವ ಸಂಖ್ಯೆ) ಕೊಟ್ಟು ಹಿಂದಿರುಗುವುದೂ ಉಂಟು. ಆದ್ದರಿಂದ ಪ್ರತಿಯೊಂದನ್ನೂ ‘-ಸಿ’ ಆಯ್ಕೆಯೊಂದಿಗೆ (ಕಡತದ ಬದಲು ಅಲ್ಲಿಯೇ ಬರೆದ ಕೋಡ್ ಓಡಿಸುವ ಆಯ್ಕೆ) ನಿಜವಾಗಿಯೇ ಓಡಿಸಿ, ‘ಸಿಸ್’ ಮಾಡ್ಯೂಲಿನ ‘ವರ್ಷನ್_ಇನ್ಫೋ’ (3, 8) ಕ್ಕಿಂತ ಕಡಿಮೆಯೇ ಎಂಬ ಹೋಲಿಕೆಯ ಫಲವನ್ನು ‘ಸಿಸ್.ಎಕ್ಸಿಟ್’ಗೆ ಕೊಡಿ. ಕಡಿಮೆಯಿದ್ದರೆ ಎಕ್ಸಿಟ್ ಕೋಡ್ 1, ಸರಿಯಿದ್ದರೆ 0 ಬರುತ್ತದೆ. ಶೆಲ್ಲಿನ ‘ಇಫ್’ಗೆ ಅಷ್ಟು ಸಾಕು. ಈ ಒಂದು ಸಾಲನ್ನು 2.7 ಕೂಡ ಓದಬಲ್ಲ ಸರಳ ವ್ಯಾಕರಣದಲ್ಲಿ ಬರೆಯುವುದು ಮುಖ್ಯ.

‘--ವರ್ಷನ್’ ಎಂದು ಕೇಳಿ ಬಂದ ಪಠ್ಯವನ್ನು ಕತ್ತರಿಸಿ ಹೋಲಿಸುವ ಸ್ಕ್ರಿಪ್ಟ್‌ಗಳನ್ನು ಬಹಳ ಕಡೆ ಕಾಣುತ್ತೇವೆ. ಅದು ನನಗೆ ಒಪ್ಪಿಗೆಯಿಲ್ಲ. 2.7 ಆ ಪಠ್ಯವನ್ನು ಸ್ಟ್ಯಾಂಡರ್ಡ್ ಎರರ್‌ಗೆ (ತಪ್ಪಿನ ಸಂದೇಶಗಳ ದಾರಿ) ಬರೆಯುತ್ತದೆ, 3.4ರಿಂದ ಈಚಿನವು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ (ಸಾಮಾನ್ಯ ಫಲಿತಾಂಶದ ದಾರಿ) ಬರೆಯುತ್ತವೆ. ಮೇಲಾಗಿ ಅಕ್ಷರಗಳ ಲೆಕ್ಕದಲ್ಲಿ ಹೋಲಿಸಿದರೆ 3.10 ಎಂಬುದು 3.8ಕ್ಕಿಂತ ಚಿಕ್ಕದಾಗುತ್ತದೆ.

ಉತ್ತರ 2 (ಗೌರಿಬಿದನೂರಿನಿಂದ)

ಯಂತ್ರಗಳು ನಿಮ್ಮ ಕೈಯಲ್ಲೇ ಇದ್ದರೆ ಈ ಹುಡುಕಾಟವೇ ಬೇಡ ಎಂಬುದು ನನ್ನ ಅಭಿಪ್ರಾಯ. ಪ್ರತಿಯೊಂದರಲ್ಲೂ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ (ನಿಮ್ಮ ಪ್ರೋಗ್ರಾಂಗೆಂದೇ ಬೇರೆ ಇಟ್ಟ ಪೈಥಾನ್ ಫೋಲ್ಡರ್) ಮಾಡಿ, ಅದರೊಳಗಿನ ಪೈಥಾನ್‌ನ ಪೂರ್ಣ ಪಾಥ್ ಬರೆದರೆ ಸಾಕು.

ಪ್ರಶ್ನೆ ಕೇಳಿದವರು

ಯಂತ್ರಗಳು ಮಂಡಿ ಮಾಲೀಕರವು ಸರ್. ಯಾವಾಗ ಯಾರು ಏನನ್ನು ಇನ್‌ಸ್ಟಾಲ್ ಮಾಡುತ್ತಾರೆಂದು ನನಗೆ ತಿಳಿಯುವುದಿಲ್ಲ, ಆದ್ದರಿಂದ ಹುಡುಕಲೇಬೇಕು. ಉತ್ತರ 1ರ ಕ್ರಮದಲ್ಲಿ ಬರೆದ ಮೇಲೆ ಹಳೆಯ ಯಂತ್ರವೂ ಕೈಯಿಂದ ಓಡಿಸಿದಾಗ 3.9 ಅನ್ನೇ ಆರಿಸುತ್ತಿದೆ. ಕ್ರಾನ್‌ನಲ್ಲಿ ಮಾತ್ರ ಇನ್ನೂ ಸಿಗುತ್ತಿಲ್ಲ.

ಉತ್ತರ 3 (ತುಮಕೂರಿನಿಂದ)

ಕ್ರಾನ್ ನಿಮ್ಮ ಲಾಗಿನ್‌ನ ಪಾಥ್ ಅನ್ನು (ಇಲ್ಲಿ, ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ತೆಗೆದುಕೊಳ್ಳುವುದಿಲ್ಲ. ಉಬುಂಟುವಿನಲ್ಲಿ ಬಳಕೆದಾರರ ಕ್ರಾನ್‌ಟ್ಯಾಬ್‌ಗೆ (ಕ್ರಾನ್ ಓಡಿಸಬೇಕಾದ ಕೆಲಸಗಳ ಪಟ್ಟಿ) ಸಾಮಾನ್ಯವಾಗಿ ‘ಯುಎಸ್ಆರ್/ಬಿನ್’ ಮತ್ತು ‘ಬಿನ್’ ಎರಡೇ ಸಿಗುತ್ತವೆ, ನಿಮ್ಮ 3.9 ಇರುವುದು ಅವುಗಳ ಹೊರಗೆ. ಸ್ಕ್ರಿಪ್ಟಿನ ಆರಂಭದಲ್ಲಿಯೇ ಈಗಿರುವ ಪಾಥ್‌ನ ಕೊನೆಗೆ ‘ಯುಎಸ್ಆರ್/ಲೋಕಲ್/ಬಿನ್’ ಸೇರಿಸಿ. ಬ್ಯಾಷ್ ಶೆಲ್ಲಿನ ಆರಂಭದ ಸೆಟ್ಟಿಂಗ್‌ಗಳಿರುವ ‘ಬ್ಯಾಷ್‌ಆರ್‌ಸಿ’ ಕಡತವನ್ನು ನೆಚ್ಚಬೇಡಿ, ಏಕೆಂದರೆ ಉಬುಂಟುವಿನ ಆ ಕಡತ ಇಂಟರಾಕ್ಟಿವ್ ಅಲ್ಲದ (ಬಳಕೆದಾರರು ಎದುರು ಕುಳಿತು ಟೈಪ್ ಮಾಡದ) ಶೆಲ್ ಎಂದು ಕಂಡರೆ ಮೊದಲ ಸಾಲುಗಳಲ್ಲಿಯೇ ಹಿಂದಿರುಗಿಬಿಡುತ್ತದೆ. ಉಬುಂಟುವಿನಲ್ಲಿ ‘ಬಿನ್/ಎಸ್ಎಚ್’ ಎಂದರೆ ಡ್ಯಾಷ್ ಎಂಬ ಸರಳ ಶೆಲ್, ಬ್ಯಾಷ್ ಅಲ್ಲ. ಜೋಡಿ ಚೌಕಾವರಣದ ಷರತ್ತುಗಳಿದ್ದರೆ ಒಂಟಿಗೆ ಬದಲಿಸಿಕೊಳ್ಳಿ.

ಕೊನೆಯ ಸಾಲಿನಲ್ಲಿ ಪೈಥಾನನ್ನು ‘ಎಕ್ಸೆಕ್’ ಮೂಲಕ ಕರೆಯಿರಿ. ಆಗ ಶೆಲ್ ತಾನಿದ್ದ ಜಾಗವನ್ನು ಪೈಥಾನ್‌ಗೆ ಬಿಟ್ಟುಕೊಡುತ್ತದೆ: ಪ್ರೊಸೆಸ್ ಸಂಖ್ಯೆ ಬದಲಾಗುವುದಿಲ್ಲ, ನಿಲ್ಲಿಸಲು ಕಳಿಸಿದ ಸಿಗ್ನಲ್ ನೇರವಾಗಿ ಪ್ರೋಗ್ರಾಂಗೆ ತಲುಪುತ್ತದೆ, ಎಕ್ಸಿಟ್ ಕೋಡ್ ಕೂಡ ಇದ್ದ ಹಾಗೆಯೇ ಕ್ರಾನ್‌ಗೆ ಸಿಗುತ್ತದೆ. ಆರ್ಗ್ಯುಮೆಂಟ್‌ಗಳನ್ನು (ಸ್ಕ್ರಿಪ್ಟ್‌ಗೆ ಕೊಟ್ಟ ಕಡತದ ಹೆಸರು ಮುಂತಾದವು) ಮುಂದಕ್ಕೆ ದಾಟಿಸುವಾಗ ಡಾಲರ್ ಮತ್ತು ‘ಅಟ್’ ಚಿಹ್ನೆಗಳನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಲೇಬೇಕು. ಇಲ್ಲದಿದ್ದರೆ ‘ಉಂಡೆ ಕೊಬ್ಬರಿ.ಸಿಎಸ್‌ವಿ’ ಎಂಬ ಒಂದು ಕಡತ ‘ಉಂಡೆ’ ಎಂದೂ ‘ಕೊಬ್ಬರಿ.ಸಿಎಸ್‌ವಿ’ ಎಂದೂ ಎರಡಾಗಿ ಪ್ರೋಗ್ರಾಂ ಸೇರುತ್ತದೆ.

ಯಾವುದೂ ಸಿಗದೆ ಲೂಪ್ ಮುಗಿದರೆ ಸುಮ್ಮನೆ ನಿಲ್ಲಬೇಡಿ. 3.8 ಅಥವಾ ಅದಕ್ಕಿಂತ ಹೊಸ ಪೈಥಾನ್ ಬೇಕೆಂದೂ ಯಾವ ಯಾವ ಹೆಸರುಗಳನ್ನು ಹುಡುಕಲಾಯಿತೆಂದೂ ಸ್ಟ್ಯಾಂಡರ್ಡ್ ಎರರ್‌ಗೆ ಕನ್ನಡದಲ್ಲಿಯೇ ಬರೆದು, 127 ಕೊಟ್ಟು ಹೊರಬನ್ನಿ. ಮಂಡಿಯಲ್ಲಿ ಲೆಕ್ಕ ಬರೆಯುವವರು ಆ ಸಾಲನ್ನು ನಿಮಗೆ ಫೋನಿನಲ್ಲಿ ಓದಿ ಹೇಳುವಂತಿರಬೇಕು.